ರವಿವರ್ಮರ ಹೆಂಗಸರು, ಅಮೃತಾರ ಹುಡುಗಿಯರು

ಪ್ರಶ್ನೆ: ಮೇಡಂ, ರವಿವರ್ಮ ಮತ್ತು ಅಮೃತಾ ಶೇರ್‌ಗಿಲ್ ಹೆಣ್ಣನ್ನು ಚಿತ್ರಿಸಿದ್ದರಲ್ಲಿ ಏನು ವ್ಯತ್ಯಾಸ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ನಿಮ್ಮೂರಿನ ಜಗನ್ಮೋಹನ ಅರಮನೆಗೇ ಹೋಗಿ. ರವಿವರ್ಮರು 1889ರ ಸುಮಾರಿಗೆ ಬರೆದ ಚಿತ್ರವೊಂದು ಅಲ್ಲಿದೆ. ಬೇರೆ ಬೇರೆ ಸೀಮೆಯ 11 ಹೆಂಗಸರು ಸಂಗೀತಕ್ಕೆ ಸೇರಿದ್ದಾರೆ. ಸೀರೆಯ ಅಂಚು, ಒಡವೆ ಎಲ್ಲ ಕೈಗೆ ಸಿಗುವ ಹಾಗಿವೆ. ಆ ಕೈಚಳಕಕ್ಕೆ ಸಮ ಇಲ್ಲ. ಆದರೆ ಅವರು ನೋಡುವವರಿಗಾಗಿಯೇ ಸಿಂಗರಿಸಿಕೊಂಡಂತಿದ್ದಾರೆ, ಅಲ್ವಾ?

ಅಮೃತಾ 1935ರಲ್ಲಿ ಬರೆದ ‘ಮೂವರು ಹುಡುಗಿಯರು’ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿದೆ. ಅಲ್ಲಿ ಒಡವೆಯ ಮೆರುಗಿಲ್ಲ. ಹಿಂದೆ ಮನೆ, ಮರ ಏನೂ ಇಲ್ಲ, ಬರೀ ಬಣ್ಣ. ಮೂವರೂ ಸುಮ್ನೆ ಕೂತಿದ್ದಾರೆ, ಯಾರೂ ನಮ್ಮತ್ತ ನೋಡುವುದಿಲ್ಲ. ಮುಂದೆ ಬರುವುದು ಒಳ್ಳೆಯದಲ್ಲ ಎಂದು ಅವರಿಗೆ ಗೊತ್ತಿದೆಯೇನೋ ಅನ್ನಿಸಿ ನನಗೆ ಸಂಕಟವಾಗುತ್ತದೆ. ನನಗೆ ಜಾಸ್ತಿ ಹತ್ತಿರದವರು ಇವರೇ.