ಮೊದಲ ವರ್ಷ ಬೆಂಚಿನಲ್ಲೇ ಕಳೆಯಿತು, ಈ ಬೇಸಿಗೆ ಏನು ಮಾಡಬೇಕು?

ಪ್ರಶ್ನೆ: ಸರ್, ನಾವು ಮೈಸೂರಿನವರು. ಅಮೆರಿಕಕ್ಕೆ ಬಂದು ಬಹಳ ವರ್ಷವಾಯಿತು. ಮಗನಿಗೆ 19 ವರ್ಷ. ಡಿವಿಷನ್ ಒನ್, ಅಂದರೆ ಅಲ್ಲಿನ ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆಯ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್ (ಚೆಂಡು ನಡೆಸುವ, ದೂರದಿಂದ ಶಾಟ್ ಹೊಡೆಯುವ ಆಟಗಾರ) ಆಗಿದ್ದಾನೆ. ಹೈಸ್ಕೂಲಿನಲ್ಲಿ ಅವನೇ ತಂಡದ ಸ್ಟಾರ್. ಕಾಲೇಜಿನ ಮೊದಲ ವರ್ಷ ಮಾತ್ರ ಪಂದ್ಯಕ್ಕೆ ಏಳೆಂಟು ನಿಮಿಷ ಆಡಿದ್ದೇ ಜಾಸ್ತಿ. ದೂರದ ಗೆರೆಯಾಚೆಯಿಂದ ಹೊಡೆಯುವ ತ್ರೀ ಪಾಯಿಂಟ್ ಶಾಟ್ ಬೀಳಲೇ ಇಲ್ಲ. ಈಗ ಇಬ್ಬರು ಸೀನಿಯರ್ ಗಾರ್ಡ್‌ಗಳು ಓದು ಮುಗಿಸಿ ಹೋಗುತ್ತಿದ್ದಾರೆ. ಮುಂದಿನ ಸಲ ಇವನೇ ಸ್ಟಾರ್ಟರ್, ಪಂದ್ಯ ಶುರುವಾಗುವಾಗಲೇ ಕಣಕ್ಕಿಳಿಯುವ ಐವರಲ್ಲಿ ಒಬ್ಬ ಅಂತ ಎಲ್ಲರೂ ಹೇಳುತ್ತಿದ್ದಾರೆ. ಬೇಸಿಗೆಯಲ್ಲಿ 15 ಪೌಂಡ್ ತೂಕ ಏರಿಸು ಎಂದು ಕೋಚ್ ಹೇಳಿದ್ದಾರಂತೆ. ನಮ್ಮದು ಸಸ್ಯಾಹಾರಿ ಮನೆ. ಅಜ್ಜಿ ತಾತನನ್ನು ನೋಡಲು ಊರಿಗೂ ಹೋಗಬೇಕು. ಈ ರಜೆಯನ್ನು ಹೇಗೆ ಬಳಸಿಕೊಳ್ಳಬೇಕು? ನಾವು ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು?

ಉತ್ತರ: ಬೀಳದ ಆ ತ್ರೀ ಪಾಯಿಂಟ್ ಶಾಟಿನಿಂದಲೇ ಶುರು ಮಾಡೋಣ. ನಿಮ್ಮ ಮಗನನ್ನು ಈಗ ಜಾಸ್ತಿ ಕೊರೆಯುತ್ತಿರುವುದು ಅದೇ ಇರಬೇಕು.

ಅಮೆರಿಕದ ಹೈಸ್ಕೂಲ್ ಕೋರ್ಟಿನಲ್ಲಿ ತ್ರೀ ಪಾಯಿಂಟ್ ಗೆರೆ ಇರುವುದು 19 ಅಡಿ 9 ಇಂಚಿನಲ್ಲಿ. ಕಾಲೇಜಿನಲ್ಲಿ ಅದು 22 ಅಡಿ 1¾ ಇಂಚು. ಅಂದರೆ ಒಂದೇ ಬೇಸಿಗೆಯಲ್ಲಿ ಗೆರೆ 73 ಸೆಂಟಿಮೀಟರ್ ಹಿಂದಕ್ಕೆ ಹೋಗುತ್ತದೆ. ಜೊತೆಗೆ ಎದುರಿಗೆ ಓಡಿಬರುವ ಹುಡುಗನ ತೋಳು ಉದ್ದ, ವೇಗವೂ ಜಾಸ್ತಿ. ಮೊದಲ ವರ್ಷ ಶಾಟ್ ಕೈಕೊಟ್ಟ ಹುಡುಗ ಇವನೊಬ್ಬನೇ ಅಲ್ಲ.

ಈ ದೂರಕ್ಕೆ ಬಲ ಸಾಲದೆ ಹೋದಾಗ ಹುಡುಗರು ತಮಗೇ ಗೊತ್ತಿಲ್ಲದೆ ಶಾಟನ್ನು ಕೆಡಿಸಿಕೊಳ್ಳುತ್ತಾರೆ. ಫೋನನ್ನು ಪಕ್ಕದಲ್ಲಿಟ್ಟು ಹತ್ತು ಶಾಟ್ ಚಿತ್ರೀಕರಿಸಿ ನೋಡಲಿ. ಚೆಂಡು ಹಣೆಯ ಹತ್ತಿರದಿಂದ ಹೊರಡುವ ಬದಲು ಎದೆಯಿಂದಲೇ ಹೊರಡುತ್ತಿದೆಯಾ? ನೆಗೆದ ಜಾಗಕ್ಕಿಂತ ಒಂದಡಿ ಮುಂದೆ ಬಂದು ಬೀಳುತ್ತಿದ್ದಾನಾ? ಚೆಂಡು ಕಮಾನಿನ ಹಾಗೆ ಏರದೆ ಚಪ್ಪಟೆಯಾಗಿ ಹೋಗಿ ರಿಂಗಿನ ಮುಂಭಾಗಕ್ಕೆ ಬಡಿಯುತ್ತಿದೆಯಾ? ಹೌದು ಅಂತಾದರೆ ಅವನು ಕಾಲಿನ ಕೆಲಸವನ್ನು ಭುಜದಿಂದ ಮಾಡಿಸುತ್ತಿದ್ದಾನೆ.

ಇದಕ್ಕೆ ಗೆರೆಯ ಮೇಲೆ ನಿಂತು ಇನ್ನೂ ಸಾವಿರ ಶಾಟ್ ಹೊಡೆದರೆ ತಪ್ಪೇ ಗಟ್ಟಿಯಾಗುತ್ತದೆ. ಮೊದಲ ಎರಡು ಮೂರು ವಾರ ರಿಂಗಿನಿಂದ ನಾಲ್ಕೈದು ಅಡಿ ದೂರದಲ್ಲಿ, ಒಂದೇ ಕೈಯಲ್ಲಿ ಹೊಡೆಯಲಿ. ಮೊಣಕೈ ನೇರ, ನೆಗೆತ ಮೇಲಕ್ಕೆ, ನೆಗೆದಲ್ಲೇ ಇಳಿಯುವುದು. ಅದು ನಿಂತ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರಲಿ. ಹೈಸ್ಕೂಲಿನ ಸ್ಟಾರ್‌ಗೆ ಇದು ಅವಮಾನ ಅನ್ನಿಸಬಹುದು. ಆದರೂ ಇದನ್ನು ಬಿಟ್ಟರೆ ಬೇರೆ ಅಡ್ಡದಾರಿ ನನಗೆ ಕಂಡಿಲ್ಲ.

ಗೆರೆಯವರೆಗೆ ಬಂದ ಮೇಲೆ ಅಭ್ಯಾಸ ಪಂದ್ಯದ ಹಾಗೇ ಇರಲಿ. ಕಡಿಮೆ ನಿಮಿಷ ಆಡುವ ಗಾರ್ಡ್‌ಗೆ ಪಂದ್ಯದಲ್ಲಿ ಹೆಚ್ಚಾಗಿ ಸಿಗುವುದು ಪಾಸ್ ಹಿಡಿದು ತಕ್ಷಣ ಹೊಡೆಯುವ ಶಾಟ್. ಹತ್ತು ಸಲ ಡ್ರಿಬಲ್ ಮಾಡಿ, ಹಿಂದಕ್ಕೆ ಜಿಗಿದು ಹೊಡೆಯುವ ಶಾಟ್ ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದನ್ನು ಹೊಡೆಯಲು ಕೋಚ್ ಅವನಿಗೆ ಬಿಡುವುದಿಲ್ಲ. ಲೆಕ್ಕ ಇಡುವುದು ಬಿದ್ದ ಶಾಟ್‌ಗಳದ್ದು, ಎಸೆದದ್ದರದ್ದಲ್ಲ. ದಿನದ ಕೊನೆಯ ಐವತ್ತು ಶಾಟ್ ಕೋರ್ಟಿನ ಉದ್ದಕ್ಕೂ ಓಡಿ ಉಸಿರು ಮೇಲಕ್ಕೆ ಬಂದ ಮೇಲೆಯೇ ಆಗಲಿ.

ಇನ್ನು ಸಮಯದ ಲೆಕ್ಕ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ನಿಯಮದಂತೆ ಡಿವಿಷನ್ ಒನ್ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳು ಬೇಸಿಗೆಯಲ್ಲಿ ಆಟಗಾರರಿಂದ ಕೆಲಸ ತೆಗೆಸಬಹುದಾದದ್ದು ಎಂಟು ವಾರ, ವಾರಕ್ಕೆ ಎಂಟು ಗಂಟೆ. ಒಟ್ಟು 64 ಗಂಟೆ, ಅಷ್ಟೇ. ಅದರಲ್ಲಿ ದೊಡ್ಡ ಪಾಲು ಜಿಮ್‌ಗೇ ಹೋಗುತ್ತದೆ. ಹಾಗಾಗಿ ಶಾಟ್ ಸುಧಾರಿಸುವುದು ಮುಖ್ಯವಾಗಿ ಅವನದೇ ಸಮಯದಲ್ಲಿ, ಅವನದೇ ಶಿಸ್ತಿನಲ್ಲಿ. ಈ ಗಂಟೆಗಳು ಶುರುವಾಗುವ ಮೊದಲೇ ಅವನು ಕೋಚ್ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಬೇಕು: "ಪಂದ್ಯದ ಕೊನೆಯ ಐದು ನಿಮಿಷ ನನ್ನನ್ನು ಕೋರ್ಟಿನಲ್ಲಿ ಬಿಡಬೇಕಾದರೆ ನಾನು ಏನು ಚೆನ್ನಾಗಿ ಮಾಡುತ್ತಿರಬೇಕು?" ಉತ್ತರ ಡಿಫೆನ್ಸ್ ಇರಬಹುದು, ಚೆಂಡು ಕಳೆದುಕೊಳ್ಳದಿರುವುದು ಇರಬಹುದು. ಅದೇ ಅವನ ಬೇಸಿಗೆಯ ಪಾಠಪಟ್ಟಿ. ಎರಡು ವಿಷಯಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದು ಬೇಡ. ಮತ್ತೆ ಈ ಮಾತು ಅವನೇ ಆಡಬೇಕು. ದಯವಿಟ್ಟು ನೀವು ಕೋಚ್‌ಗೆ ಫೋನ್ ಮಾಡಬೇಡಿ.

15 ಪೌಂಡ್ ಅಂದರೆ ಸುಮಾರು ಏಳು ಕಿಲೋ. ಎಂಟು ವಾರದಲ್ಲಿ ಇಷ್ಟನ್ನೂ ಏರಿಸಲು ಹೋದರೆ ಬರುವುದರಲ್ಲಿ ಕೊಬ್ಬಿನ ಪಾಲೇ ಜಾಸ್ತಿ, ಕಾಲು ನಿಧಾನವಾಗುತ್ತದೆ. ವಾರಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋ ಸರಿಯಾದ ಏರಿಕೆ. ಈಗ ಶುರು ಮಾಡಿದರೆ ಸೀಸನ್ ಆರಂಭವಾಗುವ ನವೆಂಬರ್ ಹೊತ್ತಿಗೆ ಗುರಿಯ ಹತ್ತಿರ ಬರಬಹುದು. ಸಸ್ಯಾಹಾರ ಇದಕ್ಕೆ ಅಡ್ಡಿಯಲ್ಲ. ಇಂಥ ಆಟಗಾರರಿಗೆ ದೇಹದ ಪ್ರತಿ ಕಿಲೋಗೆ ದಿನಕ್ಕೆ 1.4ರಿಂದ 2 ಗ್ರಾಂ ಪ್ರೋಟೀನ್ ಬೇಕು. 80 ಕಿಲೋ ಇದ್ದರೆ ಕನಿಷ್ಠ 112 ಗ್ರಾಂ. ಅನ್ನ ಸಾರು ಎರಡು ಹೊತ್ತು ಉಂಡರೆ ಇದರ ಹತ್ತಿರಕ್ಕೂ ಬರುವುದಿಲ್ಲ. ಪ್ರತಿ ಊಟದಲ್ಲೂ ಗಟ್ಟಿ ಬೇಳೆ ಅಥವಾ ಕಾಳು, ಜೊತೆಗೆ ಗಟ್ಟಿ ಮೊಸರು, ಪನೀರ್, ಸೋಯಾ, ಮಲಗುವ ಮುಂಚೆ ಹಾಲು ಇರಲಿ. ಅಂಗಡಿಯಿಂದ ಪ್ರೋಟೀನ್ ಪುಡಿ ತರುವ ಮೊದಲು ತಂಡದ ಡಯಟೀಶಿಯನ್ ಅಥವಾ ಟ್ರೇನರ್‌ಗೆ ಡಬ್ಬಿ ತೋರಿಸಲಿ. ಅದರಲ್ಲಿ ನಿಷೇಧಿತ ವಸ್ತು ಸೇರಿಕೊಂಡಿದ್ದರೂ ಶಿಕ್ಷೆ ಆಟಗಾರನಿಗೇ.

ನಿದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ, ಅದಕ್ಕೇ ನಾನೇ ಹೇಳುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪುರುಷರ ತಂಡದ 11 ಆಟಗಾರರನ್ನು ಐದರಿಂದ ಏಳು ವಾರ ದಿನಕ್ಕೆ ಹತ್ತು ಗಂಟೆ ಹಾಸಿಗೆಯಲ್ಲಿರಲು ಹೇಳಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರ ಫ್ರೀ ಥ್ರೋ ಶೇ 9ರಷ್ಟು, ತ್ರೀ ಪಾಯಿಂಟ್ ಶೇ 9.2ರಷ್ಟು ಸುಧಾರಿಸಿತು, ಓಟವೂ ಚುರುಕಾಯಿತು. ಆಟಗಾರರು ಕಡಿಮೆ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ, ನಿಜ. ಆದರೂ ರಾತ್ರಿ ಎರಡು ಗಂಟೆಯವರೆಗೆ ವಿಡಿಯೊ ಗೇಮ್ ಆಡಿ ಬೆಳಗ್ಗೆ ಆರಕ್ಕೆ ಜಿಮ್‌ಗೆ ಓಡುವ ಹುಡುಗನಿಗೆ ನಾನು ಮೊದಲು ಹೇಳುವುದು ಫೋನ್ ಆಚೆಗಿಡು ಅಂತಲೇ.

ಊರಿಗೆ ಖಂಡಿತ ಹೋಗಿ ಬನ್ನಿ. ಮೇ ತಿಂಗಳಲ್ಲಿ ಪರೀಕ್ಷೆ ಮುಗಿದ ಕೂಡಲೇ, ಎರಡು ಮೂರು ವಾರ. ಇಡೀ ಸೀಸನ್ ದಣಿದ ಮೈಗೂ ಮನಸ್ಸಿಗೂ ಆ ವಿರಾಮ ಬೇಕು. ಬೇಸಿಗೆ ತರಬೇತಿ ಸಾಮಾನ್ಯವಾಗಿ ಜೂನ್‌ನಲ್ಲಿ ಶುರುವಾಗುತ್ತದೆ, ಅಷ್ಟರಲ್ಲಿ ವಾಪಸ್ ಬಂದರಾಯಿತು.

ಈಗ ನಿರೀಕ್ಷೆಯ ಮಾತು. "ಇಬ್ಬರು ಹೋದರು, ಜಾಗ ಇವನದು" ಎಂಬ ಲೆಕ್ಕ ಹಿಂದೆ ನಡೆಯುತ್ತಿತ್ತು. 2021ರಿಂದ ಆಟಗಾರರು ಒಂದು ಸಲ ಕಾಲೇಜು ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕಿಲ್ಲ. 2024ರಲ್ಲಿ ಆ "ಒಂದು ಸಲ" ಎಂಬ ಮಿತಿಯೂ ಹೋಯಿತು, ಓದಿನ ಅರ್ಹತೆ ಇದ್ದರೆ ಸಾಕು. ಹಾಗಾಗಿ ಖಾಲಿಯಾದ ಜಾಗಕ್ಕೆ ಕೋಚ್ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಕೊಡುವ ಪಟ್ಟಿ) 22-23 ವರ್ಷದ ಅನುಭವಿ ಗಾರ್ಡ್‌ನನ್ನು ತರಬಹುದು. ಅದು ನಿಮ್ಮ ಮಗನ ಮೇಲಿನ ಸಿಟ್ಟಲ್ಲ. ಇವನೂ ಪೋರ್ಟಲ್‌ಗೆ ಹೆಸರು ಕೊಡಬಹುದು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೆ ಹೆಸರು ಕೊಟ್ಟ ಎಲ್ಲರಿಗೂ ಬೇರೆ ಕಡೆ ಜಾಗ, ಸ್ಕಾಲರ್‌ಶಿಪ್ ಸಿಗುವುದಿಲ್ಲ. ಏಳೆಂಟು ನಿಮಿಷದ ದಾಖಲೆ ಇಟ್ಟುಕೊಂಡು ಈಗ ಹೊರಡುವುದು ನನಗೆ ಸರಿ ಕಾಣುವುದಿಲ್ಲ.

ಜಾಕ್ ಈಡಿಯ ಅಂಕಿಅಂಶ ನೋಡಿ. ಕೆನಡಾದ ಹುಡುಗ, 7 ಅಡಿ 4 ಇಂಚು, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿದವನು. ಪಂದ್ಯಕ್ಕೆ ಸರಾಸರಿ ಪಾಯಿಂಟ್ ಮೊದಲ ವರ್ಷ 8.7, ಎರಡನೇ ವರ್ಷ 14.4, ಮೂರನೇ ವರ್ಷ 22.3, ನಾಲ್ಕನೇ ವರ್ಷ 25.2. 2023 ಮತ್ತು 2024ರಲ್ಲಿ ಅಮೆರಿಕದ ಶ್ರೇಷ್ಠ ಕಾಲೇಜು ಆಟಗಾರ. ಎಲ್ಲರೂ ಹೇಳುವುದು ಇಷ್ಟೇ. ನಿಮಿಷಗಳನ್ನೂ ನೋಡಬೇಕು. ಎರಡನೇ ವರ್ಷ ಅವನು ಆಡಿದ್ದು ಪಂದ್ಯಕ್ಕೆ 19 ನಿಮಿಷ, ಯಾಕೆಂದರೆ ಅದೇ ಸ್ಥಾನದಲ್ಲಿ ಟ್ರೆವಿಯನ್ ವಿಲಿಯಮ್ಸ್ ಎಂಬ ಹಿರಿಯ ಆಟಗಾರನಿದ್ದ. ಮೂರನೇ ವರ್ಷ ಸುಮಾರು 32 ನಿಮಿಷ. ನಿಮಿಷಕ್ಕೆ ಎಷ್ಟು ಪಾಯಿಂಟ್ ಎಂದು ಭಾಗಿಸಿದರೆ ಮೂರನೇ ವರ್ಷದ್ದು ಎರಡನೇ ವರ್ಷಕ್ಕಿಂತ ಜಾಸ್ತಿಯೇನಿಲ್ಲ! ಜಾಗ ಖಾಲಿಯಾದಾಗ ಅಷ್ಟು ದೊಡ್ಡ ಮೈಯನ್ನು 32 ನಿಮಿಷ ಓಡಿಸುವ ದಮ್ಮು ಅವನಲ್ಲಿ ತಯಾರಿತ್ತು. ಬೇಸಿಗೆಯ ಫಲ ಅದು.

ಇದಕ್ಕೆ ಎದುರಾಗಿ ಜಾ ಮೊರಾಂಟ್ ಹೆಸರು ಹೇಳುವವರಿದ್ದಾರೆ. ಮರ್ರೇ ಸ್ಟೇಟ್‌ನಲ್ಲಿ ಒಂದೇ ವರ್ಷಕ್ಕೆ ಪಂದ್ಯದ ಸರಾಸರಿ 12.7 ಪಾಯಿಂಟ್‌ನಿಂದ 24.5ಕ್ಕೆ ಹಾರಿ, 2019ರ ಎನ್‌ಬಿಎ ಡ್ರಾಫ್ಟಿನಲ್ಲಿ (ಅಮೆರಿಕದ ವೃತ್ತಿಪರ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಆರಿಸುವ ಕಾರ್ಯಕ್ರಮ) ಎರಡನೆಯವನಾಗಿ ಆಯ್ಕೆಯಾದ. ಆದರೆ ಅವನು ಮೊದಲ ವರ್ಷವೇ ಪಂದ್ಯಕ್ಕೆ 30 ನಿಮಿಷಕ್ಕೂ ಜಾಸ್ತಿ ಆಡುತ್ತಿದ್ದ. ಡಿವಿಷನ್ ಒನ್‌ನಲ್ಲಿ 360ಕ್ಕೂ ಹೆಚ್ಚು ತಂಡಗಳಿವೆ. ಎನ್‌ಬಿಎ ಡ್ರಾಫ್ಟಿನಲ್ಲಿ ವರ್ಷಕ್ಕೆ ಸಿಗುವ ಜಾಗ ಅರುವತ್ತರ ಆಸುಪಾಸು, ಅದಕ್ಕೂ ಜಗತ್ತಿನ ಎಲ್ಲ ಕಡೆಯಿಂದ ಪೈಪೋಟಿ.

ನಿಮ್ಮ ಮಗ ಮುಂದಿನ ವರ್ಷ ಪಂದ್ಯಕ್ಕೆ 15ರಿಂದ 18 ನಿಮಿಷ ಆಡಿದರೆ ಅದು ಒಳ್ಳೆಯ ವರ್ಷ. ಸ್ಟಾರ್ಟ್ ಮಾಡದಿದ್ದರೂ ಸರಿ. ಪಂದ್ಯ ಮುಗಿದ ಮೇಲೆ "ಎಷ್ಟು ಪಾಯಿಂಟ್?" ಅಂತ ಕೇಳಬೇಡಿ. ಅವನು ಯಾರನ್ನು ತಡೆಯುತ್ತಿದ್ದನೋ ಆ ಎದುರಾಳಿ ಆಟಗಾರ ಎಷ್ಟು ಹೊಡೆದ ಅಂತ ಕೇಳಿ. ಅವನ ಕೋಚ್ ನೋಡುತ್ತಿರುವುದು ಅದನ್ನೇ.

ಪ್ರಶ್ನೆ: ನಾನು ಮಂಡ್ಯದ ಡಿಗ್ರಿ ಕಾಲೇಜಿನ ವಿದ್ಯಾರ್ಥಿನಿ. ರಜೆಯಲ್ಲಿ ಕೋಚ್ ಇರುವುದಿಲ್ಲ, ಇರುವುದು ಸಿಮೆಂಟ್ ಕೋರ್ಟ್ ಮಾತ್ರ. ನೆಗೆದಾಗ ಮಂಡಿಚಿಪ್ಪಿನ ಕೆಳಗೆ ನೋವು. ಅಮೆರಿಕದ ಕಾಲೇಜಿನಲ್ಲಿ ಆಡುವ ಕನಸಿದೆ.

ಉತ್ತರ: ಕನಸು ದೊಡ್ಡದಾಯಿತು ಅಂದುಕೊಳ್ಳಬೇಡಮ್ಮ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪರ ಡಿವಿಷನ್ ಒನ್‌ನಲ್ಲಿ ಆಡಿದ್ದಾರೆ. ನಿಯಮದಂತೆ ನಿಮ್ಮ ಕೋರ್ಟಿನ ತ್ರೀ ಪಾಯಿಂಟ್ ಗೆರೆಯೂ 6.75 ಮೀಟರ್, ಅಲ್ಲಿನ ಕಾಲೇಜು ಗೆರೆಯೂ ಅಷ್ಟೇ. ಅಳೆದು ನೋಡು, ತಪ್ಪಿದ್ದರೆ ಸುಣ್ಣದಲ್ಲಿ ಸರಿಯಾದ ಗೆರೆ ಎಳೆದುಕೋ.

ಮಂಡಿ ಮೊದಲು. ನೀನು ಹೇಳುವ ನೋವು ಜಾಸ್ತಿ ನೆಗೆಯುವವರಿಗೆ ಬರುವಂಥದ್ದು, ಸಿಮೆಂಟ್ ನೆಲ ಅದನ್ನು ಹೆಚ್ಚಿಸುತ್ತದೆ. ಕೆಲವು ವಾರ ನೆಗೆತ ಅರ್ಧಕ್ಕೆ ಇಳಿಸು. ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತ ಹಾಗೆ 45 ಸೆಕೆಂಡ್ ಕೂರು, ಐದು ಸಲ, ನಡುವೆ ಎರಡು ನಿಮಿಷ ಬಿಡುವು. ಆ ಬಿಸಿಲಿನಲ್ಲಿ ಬೆಳಗ್ಗೆ ಎಂಟರೊಳಗೆ ಆಟ ಮುಗಿಸು. ನೆಗೆದು ಇಳಿಯುವಾಗ ಮಂಡಿಗಳು ಒಳಕ್ಕೆ ಬಾಗುತ್ತಿವೆಯಾ ಎಂದು ಗೆಳತಿಯಿಂದ ಎದುರಿಗೆ ವಿಡಿಯೊ ಮಾಡಿಸಿ ನೋಡು. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗಿಯರಲ್ಲಿ ಹುಡುಗರಿಗಿಂತ ಜಾಸ್ತಿ, ಸರಿಯಾಗಿ ಇಳಿಯುವುದನ್ನು ಕಲಿತರೆ ಅದು ಕಡಿಮೆಯಾಗುತ್ತದೆ. ಮಂಡಿ ಊದಿಕೊಂಡರೆ ಅಥವಾ ನಡೆಯುವಾಗ ಕುಸಿದಂತಾದರೆ ಈ ವ್ಯಾಯಾಮವನ್ನೂ ನಿಲ್ಲಿಸಿ ಮೂಳೆ ಡಾಕ್ಟರ್‌ಗೆ ತೋರಿಸು.