3–9 ಆದ ಮಾತ್ರಕ್ಕೆ ಸೋತೆವೇ?

ಪ್ರಶ್ನೆ: ಗೆಳೆಯರು ಸಿಗದ ದಿನ ನಾನು ಅಪರಿಚಿತರ ಜೊತೆ ವ್ಯಾಲೊರಂಟ್ ಎಂಬ, ಐವರೈವರ ತಂಡಗಳ ಆನ್‌ಲೈನ್ ಶೂಟಿಂಗ್ ಆಟದ ರ‍್ಯಾಂಕ್ಡ್ ಪಂದ್ಯ ಆಡುತ್ತೇನೆ. ಮೊದಲಾರ್ಧಕ್ಕೆ 3–9 ಆದರೆ ಸಾಕು, ಯಾರಾದರೊಬ್ಬರು ಚಾಟ್‌ನಲ್ಲಿ ‘ಎಫ್‌ಎಫ್’ (ಅಂದರೆ ‘ಸೋಲೊಪ್ಪೋಣ’) ಎಂದು ಬರೆದು ಸರೆಂಡರ್‌ಗೆ ಮತ ಕೇಳುತ್ತಾರೆ. ಗೆಲ್ಲಲೆಂದೇ ಬಂದವರು ಇಷ್ಟು ಬೇಗ ಕೈಚೆಲ್ಲುವುದೇಕೆ?
— ಪದವಿ ವಿದ್ಯಾರ್ಥಿ, ರಾಜಾಜಿನಗರ, ಬೆಂಗಳೂರು

ಉತ್ತರ: ನೀವು ಹೇಳಿದ ಅಂಕವನ್ನೇ ಹಿಡಿದು ಹೊರಡೋಣ. ಮೊದಲು 13 ಸುತ್ತು ಗೆದ್ದವರದು ಪಂದ್ಯ. ಎದುರಾಳಿಗೆ ಇನ್ನು 4 ಸಾಕು, ನಿಮಗೆ 10 ಬೇಕು. ಲೆಕ್ಕ ಹೆದರಿಸುವಂಥದ್ದೇ. ಆದರೆ 12 ಸುತ್ತು ಮುಗಿದು ತಂಡಗಳು ದಾಳಿ ಮತ್ತು ರಕ್ಷಣೆಯನ್ನು ಅದಲುಬದಲು ಮಾಡಿಕೊಳ್ಳುವಾಗ, ಅಲ್ಲಿಯವರೆಗೆ ಕೂಡಿಟ್ಟ ಹಣವೆಲ್ಲ ಅಳಿಸಿಹೋಗಿ, ಹತ್ತೂ ಮಂದಿ ತಲಾ 800 ಕ್ರೆಡಿಟ್ (ಬಂದೂಕು ಕೊಳ್ಳಲು ಆಟ ಕೊಡುವ ಹಣ) ಹಿಡಿದು ಪಿಸ್ತೂಲು ಸುತ್ತಿಗೆ ನಿಲ್ಲುತ್ತಾರೆ. ಎರಡೂ ತಂಡಗಳ ಕೈಯಲ್ಲಿರುವುದು ಸರಿಸಮವಾಗುವ ಅಪರೂಪದ ಗಳಿಗೆ ಅದು. ವಿಚಿತ್ರವೆಂದರೆ, ಎಫ್‌ಎಫ್ ಎಂಬ ಎರಡಕ್ಷರ ಬರುವುದೂ ಅದೇ ಗಳಿಗೆಯಲ್ಲಿ.

ಸೋಲುವವರನ್ನು ಆಟವೂ ಪೂರ್ತಿ ಕೈಬಿಡುವುದಿಲ್ಲ. ಒಂದು ಸುತ್ತು ಸೋತರೆ 1900, ಸತತ ಎರಡನೆಯದಕ್ಕೆ 2400, ಮೂರನೆಯದಕ್ಕೆ 2900 ಕ್ರೆಡಿಟ್ ಸಿಗುತ್ತದೆ. ವ್ಯಾಂಡಲ್ ಬಂದೂಕಿನ ಬೆಲೆಯೂ 2900. ನಮ್ಮ ಕಬಡ್ಡಿಯಲ್ಲಿ ಆಲ್‌ಔಟ್ ಆದ ತಂಡ ಎದುರಾಳಿಗೆ 2 ಹೆಚ್ಚುವರಿ ಅಂಕ ತೆತ್ತರೂ ಏಳೂ ಮಂದಿಯನ್ನು ಮತ್ತೆ ಅಂಕಣಕ್ಕೆ ಇಳಿಸಿಕೊಳ್ಳುತ್ತದಲ್ಲ, ಇದೂ ಹಾಗೆಯೇ.

ಲೀಗ್ ಆಫ್ ಲೆಜೆಂಡ್ಸ್ ಮತ್ತು ಡೋಟಾ 2 ಎಂಬ ಬೇರೆ ಆನ್‌ಲೈನ್ ತಂಡದಾಟಗಳ ಮಾತು ಬೇರೆ. ಅಲ್ಲಿ ಮುಂದಿರುವವರ ಚಿನ್ನವೂ ಲೆವೆಲ್ಲೂ ಬೆಳೆಯುತ್ತಲೇ ಹೋಗುವುದರಿಂದ, ಹಿಂದೆ ಬಿದ್ದವರ ನಿರಾಸೆಗೆ ಒಂದಿಷ್ಟು ಆಧಾರವಿದೆ. ಹಾಗಿದ್ದೂ 2018ರಲ್ಲಿ, ಡೋಟಾ 2ರ ವಿಶ್ವಮಟ್ಟದ ಟೂರ್ನಿಯಾದ ದಿ ಇಂಟರ್‌ನ್ಯಾಷನಲ್ ಫೈನಲ್‌ನ ನಾಲ್ಕನೆಯ ಆಟದಲ್ಲಿ ಓಜಿ ತಂಡ ಹಿಂದಿನಿಂದ ಎದ್ದು ಬಂದು ಗೆದ್ದಿತು, ಕೊನೆಗೆ 3–2ರಿಂದ ಪ್ರಶಸ್ತಿಯನ್ನೂ ಪಡೆಯಿತು.

ಹಾಗಾದರೆ ಕೈಚೆಲ್ಲಿಸುವುದು ಅಂಕಪಟ್ಟಿಯಲ್ಲ, ಪಕ್ಕದವರ ಮೇಲಿನ ಅಪನಂಬಿಕೆ ಎಂದು ನನಗನ್ನಿಸುತ್ತದೆ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಕಬಡ್ಡಿ ಆಡುವವರು ತಿಂಗಳುಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿರುತ್ತಾರೆ, ಸುತ್ತ ಜನ ಕೂತಿರುತ್ತಾರೆ, ನಾಳೆ ಮತ್ತೆ ಮುಖ ನೋಡಬೇಕಾಗಿರುತ್ತದೆ. ನಿಮ್ಮ ತಂಡಕ್ಕೆ ಬಂದು ಸೇರಿದ ನಾಲ್ವರು ಅಪರಿಚಿತರಿಗೆ ಈ ಮೂರೂ ಇಲ್ಲ. ‘ನಾನು ಚೆನ್ನಾಗಿಯೇ ಆಡುತ್ತಿದ್ದೇನೆ, ಉಳಿದವರು ಕೆಡಿಸಿದರು’ ಎಂದು ಐವರೂ ಒಳಗೊಳಗೇ ತೀರ್ಮಾನಿಸಿದ ಮೇಲೆ, ಇನ್ನರ್ಧ ತಾಸು ಇವರಿಗಾಗಿ ಬೆವರು ಸುರಿಸುವುದಕ್ಕಿಂತ ಹೊಸ ಪಂದ್ಯದಲ್ಲಿ ಹೊಸ ನಾಲ್ವರು ಸಿಗುವುದೇ ಮೇಲೆಂದು ತೋರುತ್ತದೆ. ಸುಮ್ಮನೆ ಎದ್ದು ಹೋದರೆ ದಂಡ ಬೀಳುತ್ತದೆ. ಮರ್ಯಾದೆಯಿಂದ ಹೊರಬೀಳಲು ಉಳಿಯುವ ಬಾಗಿಲು ಸರೆಂಡರ್ ಒಂದೇ.

ಮತ ಕೇಳುವುದೇ ಇನ್ನೊಂದು ಪೆಟ್ಟು. ಅದು ಬಿದ್ದುಹೋದರೂ, ತಂಡದಲ್ಲಿ ಯಾರಿಗೋ ಆಡುವ ಮನಸ್ಸಿಲ್ಲವೆಂಬುದು ಎಲ್ಲರಿಗೂ ಗೊತ್ತಾಗಿಬಿಟ್ಟಿರುತ್ತದೆ. ಮುಂದಿನ ಸುತ್ತಿನಲ್ಲಿ ಒಬ್ಬ ಮೈಕ್ ಮುಚ್ಚುತ್ತಾನೆ, ಇನ್ನೊಬ್ಬ ಯಾರಿಗೂ ಹೇಳದೆ ಒಂಟಿಯಾಗಿ ಸೈಟ್‌ಗೆ (ಬಾಂಬ್ ಇಡುವ ಜಾಗಕ್ಕೆ) ನುಗ್ಗಿ ಸಾಯುತ್ತಾನೆ. 3–9 ಇದ್ದದ್ದು 3–13 ಆಗುವುದು ಹೀಗೆ.

ಎಲ್ಲರನ್ನೂ ಹೇಡಿಗಳೆಂದು ಬಗೆಯಬೇಡಿ. ಬೆಳಿಗ್ಗೆ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗಬೇಕೆಂಬುದು ರಾತ್ರಿ ಹನ್ನೆರಡಕ್ಕೆ ನೆನಪಾಗಿ ನಾನೂ ‘ಹೌದು’ ಒತ್ತಿದ್ದುಂಟು. ಮುಂದಿನ ಸಲ ಮತದ ಸೂಚನೆ ಬಂದಾಗ, ‘ಸೋಲೊಪ್ಪಬೇಡಿ’ ಎಂಬ ಉಪದೇಶದ ಬದಲು, ಈ ಪಿಸ್ತೂಲು ಸುತ್ತಿನಲ್ಲಿ ಎಲ್ಲರೂ ಸೇರಿ ಯಾವ ಸೈಟ್‌ಗೆ ಹೋಗೋಣ, 800ರಲ್ಲಿ ಯಾರು ಏನು ಕೊಳ್ಳಲಿ ಎಂದು ಮೈಕ್‌ನಲ್ಲಿ ಕೇಳಿ ನೋಡಿ. ಒಬ್ಬರಾದರೂ ಉತ್ತರಿಸಿದರೆ ಆಡಿ. ನಾಲ್ವರೂ ಮೌನವಾಗಿದ್ದರೆ ನೀವೂ ಒತ್ತಿ ಮಲಗಬಹುದು.