ವೆಲ್‌ನೆಸ್ ಗುರುಗಳ ಮಾತಿಗೆ ಓದಿದವರೂ ಯಾಕೆ ಮರುಳಾಗುತ್ತಾರೆ?

ಹೆಚ್ಚಿನವರು ನಂಬುವುದು ತಮಗೆ ನಿಜಕ್ಕೂ ಗುಣ ಕಂಡಿದ್ದರಿಂದ. ಎಡವುವುದು ಆ ಗುಣಕ್ಕೆ ಕಾರಣ ಗುರುತಿಸುವಲ್ಲಿ.

ನಿದ್ದೆಗೇಡು, ಬೆನ್ನುನೋವು, ಸುಸ್ತು ಇವೆಲ್ಲ ಏರಿಳಿಯುವ ತೊಂದರೆಗಳು. ತೀರಾ ಹೆಚ್ಚಾದಾಗಲೇ ನಾವು ಹೊಸ ಉಪಾಯ ಹುಡುಕುವುದು. ಏನೂ ಮಾಡದಿದ್ದರೂ ಅಲ್ಲಿಂದ ಸ್ವಲ್ಪ ಇಳಿಯುವ ಸಂಭವವೇ ಹೆಚ್ಚು. ಆ ಇಳಿಕೆಯ ಕೀರ್ತಿ ಆಗಷ್ಟೇ ಶುರುಮಾಡಿದ ಪುಡಿಗೋ ಉಸಿರಾಟದ ಕ್ರಮಕ್ಕೋ ಹೋಗುತ್ತದೆ. ಅದೇ ವಾರ ಬೇಗ ಮಲಗಿದ್ದು, ನಡೆದಾಡಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಂದು, ‘ಇವರು ನನ್ನ ಬಗ್ಗೆಯೇ ಹೇಳುತ್ತಿದ್ದಾರೆ’ ಎಂಬ ಭಾವ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಎಲ್ಲರ ಕೈಗೂ ಒಂದೇ ಒಕ್ಕಣೆಯ ವರದಿ ಕೊಟ್ಟರು. ‘ನಿಮಗೆ ಎಷ್ಟು ಹೊಂದುತ್ತದೆ?’ ಎಂದರೆ, 5ಕ್ಕೆ ಸರಾಸರಿ 4ಕ್ಕೂ ಹೆಚ್ಚು ಅಂಕ ಬಂತು. ಹಾಗೆಯೇ, ‘ಎಲ್ಲರಿಗಾಗಿ ದುಡಿದು ನಿಮ್ಮನ್ನೇ ಮರೆತಿದ್ದೀರಿ’ ಎಂಬ ಗುರುಗಳ ಮಾತು ಯಾರಿಗೆ ತಾಗದು?

ವೈದ್ಯರ ಬಳಿ ಸಿಗುವುದು ಕೆಲವೇ ನಿಮಿಷ. ಗುರು ದಿನವೂ ಪರದೆಯ ಮೇಲೆ ಬಂದು ಖಚಿತವಾಗಿ ಮಾತಾಡುತ್ತಾರೆ. ಕೇಳಿಸಿಕೊಳ್ಳುವವರು ಬೇಕೆಂಬ ಆಸೆ ತಪ್ಪಲ್ಲ. ಆದರೆ ಫಲ ಸಿಗದವರಿಗೆ ‘ನಿಮ್ಮ ಶ್ರದ್ಧೆ ಸಾಲದು’ ಎನ್ನುವುದು ಕ್ರೂರ. ಹಾಗೆಂದುಬಿಟ್ಟರೆ ವಿಧಾನ ಎಂದೂ ಸೋಲುವುದಿಲ್ಲ, ಪ್ರತಿ ಸಲವೂ ಸೋತವರು ನೀವೇ ಆಗುತ್ತೀರಿ.

ಪರೀಕ್ಷಿಸಬೇಕೆಂದರೆ, ಶುರುಮಾಡುವ ಮುಂಚೆ 2 ವಾರ ದಿನಾ ಒಂದೇ ಹೊತ್ತಿಗೆ ತೊಂದರೆಗೆ 0ಯಿಂದ 10ರವರೆಗೆ ಅಂಕ ಬರೆದಿಡಿ. ಆಮೇಲೆ ಒಂದನ್ನು ಮಾತ್ರ ಬದಲಿಸಿ 4 ವಾರ ಬರೆಯಿರಿ, ಅದನ್ನು ನಿಲ್ಲಿಸಿ ಇನ್ನೂ 2 ವಾರ. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದೇ ಇಲ್ಲ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಈ ಪ್ರಯೋಗಕ್ಕಾಗಿ ನಿಲ್ಲಿಸಬೇಡಿ.